ಡೈನಿಂಗ್ ಟೇಬಲ್ ಮಾರಲು ಹೋಗಿ 18,000 ರೂಪಾಯಿ ಕಳೆದದ್ದು: ಬೆಳಗಾವಿಯ ಒಂದು ಪ್ರಕರಣ

2024ರ ದೀಪಾವಳಿಗೆ ಸ್ವಲ್ಪ ಮುಂಚೆ, ಬೆಳಗಾವಿಯ ಟಿಳಕವಾಡಿಯಲ್ಲಿ ನಡೆದದ್ದು ಇದು. ದುಡ್ಡು ಕಳೆದುಕೊಂಡವರು ನನ್ನ ಕಾಕಾ. ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡೇ ನಿವೃತ್ತರಾದವರು. ಕಿರಾಣಿ ಬಿಲ್ಲಿನಲ್ಲಿ ಎರಡು ರೂಪಾಯಿ ಹೆಚ್ಚುಕಡಿಮೆ ಆದರೂ ಹಿಡಿಯುವವರು. ಹೆಸರು ಬೇಡ, ಆದದ್ದೆಲ್ಲ ಬರಿ ಅಂತ ಅವರೇ ಹೇಳಿದ್ದಾರೆ. ಇಂಥ ಸುದ್ದಿ ಓದಿದಾಗ "ಇಷ್ಟೂ ಗೊತ್ತಾಗಲಿಲ್ವಾ ಇವರಿಗೆ?" ಅನ್ನಿಸುತ್ತದೆ. ಕಾಕಾಗೆ ಗೊತ್ತಿತ್ತು. ಓಟಿಪಿ ಹೇಳಬಾರದು, ಪಿನ್ ಯಾರಿಗೂ ಕೊಡಬಾರದು, ಎಲ್ಲ ಗೊತ್ತಿತ್ತು. ಅವರು ಓಟಿಪಿ ಹೇಳಲಿಲ್ಲ, ಪಿನ್ನೂ ಕೊಡಲಿಲ್ಲ. ಆದರೂ ದುಡ್ಡು ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಹಂತಹಂತವಾಗಿ ನೋಡಬೇಕು.

ಜಾಹೀರಾತು ಮತ್ತು ಮೊದಲ ಕರೆ

ಕಾಕಾ, ಕಾಕಿ ಹುಬ್ಬಳ್ಳಿಯಲ್ಲಿರುವ ಮಗಳ ಮನೆ ಹತ್ತಿರ ಚಿಕ್ಕ ಮನೆಗೆ ಹೋಗುವವರಿದ್ದರು. ಸಾಗವಾನಿ ಕಟ್ಟಿಗೆಯ ಡೈನಿಂಗ್ ಟೇಬಲ್, ಆರು ಕುರ್ಚಿ ಅಲ್ಲಿ ಹಿಡಿಸುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾಕಾ ಫೋಟೋ ತೆಗೆದು, ಹಳೆ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಹಾಕಿದರು. ಬೆಲೆ 18,000. ಫೋನ್ ನಂಬರ್ ಎಲ್ಲರಿಗೂ ಕಾಣುವ ಹಾಗೆ ಇತ್ತು.

ಕಾಲು ಗಂಟೆಯೊಳಗೆ ಕರೆ ಬಂತು. ಹಿಂದಿ ಮಾತಾಡುವ ಮನುಷ್ಯ. ತಾನು ಸೈನ್ಯದಲ್ಲಿದ್ದೇನೆ, ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್‌ಗೆ ವರ್ಗವಾಗಿದೆ, ಮುಂದಿನ ವಾರ ಕುಟುಂಬ ಬರುತ್ತೆ ಅಂದ. ಇದು ಬೇರೆ ಊರಿನಲ್ಲಿ ನಡೆದಿದ್ದರೆ ಕಾಕಾ ಒಂದು ಕ್ಷಣ ಯೋಚಿಸುತ್ತಿದ್ದರೇನೋ. ಬೆಳಗಾವಿಯಲ್ಲಿ ಈ ಮಾತು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಊರಲ್ಲೇ ರೆಜಿಮೆಂಟ್ ಇದೆ, ಸಾಂಬ್ರಾದಲ್ಲಿ ವಾಯುಪಡೆ ಇದೆ, ಕ್ಯಾಂಪ್ ಪ್ರದೇಶದಲ್ಲಿ ಸಮವಸ್ತ್ರ ಹಾಕಿದವರು ದಿನಾ ಕಾಣುತ್ತಾರೆ. ಬಾಡಿಗೆ ಮನೆಗೆ ಹಳೆ ಸಾಮಾನು ಕೊಳ್ಳುವವರೂ ಇದ್ದಾರೆ. ಸುಳ್ಳು ಹೇಳುವವನು ಊರನ್ನು ನೋಡಿಕೊಂಡೇ ಸುಳ್ಳು ಆರಿಸಿಕೊಂಡಿದ್ದ.

ಅವನು ವಾಟ್ಸ್‌ಆ್ಯಪ್‌ನಲ್ಲಿ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್, ಸಮವಸ್ತ್ರದ ಫೋಟೋ ಕಳಿಸಿದ. ಇಂಥ ಚೀಟಿಗಳು ನಕಲಿ ಇರುತ್ತವೆ, ಇಲ್ಲವೇ ಯಾರೋ ನಿಜವಾದ ಸೈನಿಕರಿಂದ ಕದ್ದದ್ದಿರುತ್ತವೆ. ನಾವು ಕೇಳದೇ ಒಬ್ಬ ತನ್ನ ಗುರುತಿನ ಚೀಟಿ ಕಳಿಸುತ್ತಾನೆ ಅಂದರೆ ಅಲ್ಲೇ ಅನುಮಾನ ಬರಬೇಕು. ತರಕಾರಿ ಕೊಳ್ಳುವಾಗ, ಹಳೆ ಗಾಡಿ ಕೊಳ್ಳುವಾಗ ಯಾರಾದರೂ ಮೊದಲೇ ಐಡಿ ತೋರಿಸುತ್ತಾರಾ?

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅವನು ಚೌಕಾಸಿ ಮಾಡಲೇ ಇಲ್ಲ. 18,000 ಅಂದರೆ 18,000. ನೋಡೋಕೆ ಬರುತ್ತೇನೆ ಅನ್ನಲಿಲ್ಲ, ಎಷ್ಟು ವರ್ಷದ್ದು ಅಂತಲೂ ಕೇಳಲಿಲ್ಲ. "ಫೋಟೋ ನೋಡಿದೆ ಸಾಹೇಬ್, ಇಷ್ಟ ಆಯ್ತು, ಈಗಲೇ ದುಡ್ಡು ಕಳಿಸ್ತೀನಿ, ಬೇರೆಯವರಿಗೆ ಕೊಡಬೇಡಿ" ಅಂದ. ನಮ್ಮ ಕಡೆ ಹಳೆ ಟೇಬಲ್ ಕೊಳ್ಳುವವನು ಕುರ್ಚಿ ಎತ್ತಿ ಅಲ್ಲಾಡಿಸಿ ನೋಡದೆ, ಐನೂರಾದರೂ ಕಡಿಮೆ ಕೇಳದೆ ಇರುವುದು ಎಲ್ಲಾದರೂ ಉಂಟಾ? ವಸ್ತು ಬೇಕಾದವನಿಗೆ ವಸ್ತುವಿನ ಬಗ್ಗೆ ಪ್ರಶ್ನೆ ಇರುತ್ತವೆ. ಇವನ ಪ್ರಶ್ನೆ ಒಂದೇ: ಯಾವ ಪೇಮೆಂಟ್ ಆ್ಯಪ್ ಬಳಸ್ತೀರಿ?

ಐದು ಕೊಟ್ಟರೆ ಹತ್ತು

ಮುಂದೆ ಮಾತಾಡಿದವನು ಎರಡನೆಯವ. "ಅಕೌಂಟ್ಸ್ ವಿಭಾಗದ ಸಾಹೇಬರು" ಅಂತ ಪರಿಚಯ. ಧ್ವನಿ ಗಟ್ಟಿ, ಮಾತು ಖಡಕ್. ಸೈನ್ಯದ ಪೇಮೆಂಟ್ ಪದ್ಧತಿ ಬೇರೆ, ಮೊದಲು ನಿಮ್ಮ ಖಾತೆ ಸರಿ ಇದೆಯಾ ನೋಡಬೇಕು, 5 ರೂಪಾಯಿ ಹಾಕಿ, 10 ವಾಪಸ್ ಬರುತ್ತೆ ಅಂದ. ಕಾಕಾ 5 ಹಾಕಿದರು. ಅರ್ಧ ನಿಮಿಷದಲ್ಲಿ 10 ಬಂತು. ನಿಜವಾಗಿಯೂ ಬಂತು, ಬ್ಯಾಂಕಿನ ಮೆಸೇಜೂ ಬಂತು.

ಈ 10 ರೂಪಾಯಿಯೇ ಇಡೀ ಮೋಸದ ಬಂಡವಾಳ. "ನಾವು ಹಾಕಿದರೆ ಅದರ ಎರಡರಷ್ಟು ಬರುತ್ತೆ" ಅನ್ನುವುದನ್ನು ಬಾಯಲ್ಲಿ ಹೇಳಿದ್ದರೆ ಕಾಕಾ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡರು, ನಂಬಿದರು.

ಸೈನ್ಯಕ್ಕೆ ಅಂಥ ಪದ್ಧತಿ ಯಾವುದೂ ಇಲ್ಲ. ಸೈನಿಕರೂ ಸ್ವಂತ ಮನೆಗೆ ಸಾಮಾನು ಕೊಳ್ಳುವಾಗ ಸ್ವಂತ ಖಾತೆಯಿಂದ, ನಮ್ಮ ನಿಮ್ಮ ಹಾಗೆಯೇ ಕೊಡುತ್ತಾರೆ. ಒಬ್ಬ ಯೋಧ ಮನೆಗೆ ಊಟದ ಟೇಬಲ್ ಕೊಂಡರೆ ಅದಕ್ಕೆ ಸೈನ್ಯದ ಅಕೌಂಟ್ಸ್ ವಿಭಾಗ ಯಾಕೆ ಬೇಕು?

"ಮನೇಲಿ ಇನ್ನೊಂದು ಫೋನ್ ಇದೆಯಾ?" ಅಂತ ಅವನು ಕೇಳಿದ. ಕಾಕಿಯ ನಂಬರ್ ಕೊಟ್ಟರು. ಅದಕ್ಕೆ ಕ್ಯೂಆರ್ ಕೋಡ್ ಬಂತು. ಕಾಕಿಯ ಫೋನನ್ನು ಮೇಜಿನ ಮೇಲಿಟ್ಟು, ತಮ್ಮ ಫೋನಿನಿಂದ ಸ್ಕ್ಯಾನ್ ಮಾಡಿದರು. ಪರದೆ ಮೇಲೆ 9,000 ಅಂತ ಮೊದಲೇ ತುಂಬಿಕೊಂಡು ಬಂತು. ಕೆಳಗೆ ಟಿಪ್ಪಣಿ ಜಾಗದಲ್ಲಿ "ಆರ್ಮಿ ಪೇಮೆಂಟ್ ರಿಸೀವ್" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮೇಲೆ ಒಬ್ಬ ಹೆಂಗಸಿನ ಹೆಸರು. ಕಾಕಾ ಅದನ್ನೂ ಕೇಳಿದರು. "ಅದು ಕ್ಯಾಷಿಯರ್ ಮೇಡಂ ಹೆಸರು" ಅಂದ. ಎರಡು ಕಂತಿನಲ್ಲಿ ಬರುತ್ತೆ, ಮೊದಲು 9,000, ಬೇಗ ಪಿನ್ ಹಾಕಿ, ಒಂದು ನಿಮಿಷಕ್ಕೆ ಕೋಡ್ ಸತ್ತು ಹೋಗುತ್ತೆ ಅಂತ ಅವಸರ ಮಾಡಿದ. ಪಿನ್ ಹಾಕಿದರು. 11 ಗಂಟೆ 18 ನಿಮಿಷಕ್ಕೆ 9,000 ಹೋಯಿತು.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಆ್ಯಪ್ ಏನೂ ಮುಚ್ಚಿಡಲಿಲ್ಲ. ಪರದೆ ಮೇಲೆ "ಪೇ" ಅಂತಲೇ ಇತ್ತು. ಯಾರಿಗೆ ಹೋಗುತ್ತೆ, ಎಷ್ಟು ಹೋಗುತ್ತೆ, ಎರಡೂ ಇತ್ತು. ಆದರೆ ಕಾಕಾ ಆ ಹೊತ್ತಿನಲ್ಲಿ ಪರದೆ ಓದುತ್ತಿರಲಿಲ್ಲ, ಕಿವಿಯಲ್ಲಿದ್ದ ಧ್ವನಿ ಹೇಳಿದ್ದನ್ನು ಮಾಡುತ್ತಿದ್ದರು. ಅವರ ತಲೆಯಲ್ಲಿ ಒಂದೇ ಇತ್ತು: ನಾನು ಮಾರುವವನು, ನನಗೆ ದುಡ್ಡು ಬರಬೇಕು. ಅಂಗಡಿಯಲ್ಲಿ ದುಡ್ಡು ಕೊಡುವಾಗ ನಾವೆಲ್ಲ ಹುಷಾರಾಗಿರುತ್ತೇವೆ, ಮೊತ್ತ ಎರಡು ಸಲ ನೋಡುತ್ತೇವೆ. ತಗೊಳ್ಳುವಾಗ ಕಾವಲು ಇಳಿಸಿ ಕೂತಿರುತ್ತೇವೆ. ಹಳೆ ಸಾಮಾನು ಮಾರುವವರನ್ನೇ ಈ ಗುಂಪುಗಳು ಹುಡುಕುವುದು ಇದೇ ಕಾರಣಕ್ಕೆ ಅಂತ ನನಗೆ ಖಾತ್ರಿಯಾಗಿದೆ.

ಕ್ಯೂಆರ್ ಕೋಡ್ ಅಂದರೆ ವಿಳಾಸ ಬರೆದ ಚೀಟಿ ಇದ್ದ ಹಾಗೆ. ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸ. ಅದರಲ್ಲಿ ಮೊತ್ತವನ್ನು, ಟಿಪ್ಪಣಿಯನ್ನು ಮೊದಲೇ ತುಂಬಿ ಕಳಿಸಬಹುದು. ಟಿಪ್ಪಣಿಯಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಸ್ಕ್ಯಾನ್ ಮಾಡಿದವನ ಖಾತೆಯಿಂದಲೇ ದುಡ್ಡು ಹೊರಡುತ್ತದೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು, ಅಥವಾ ಬ್ಯಾಲೆನ್ಸ್ ನೋಡಲು. ದುಡ್ಡು ಪಡೆಯಲು ಪಿನ್ ಬೇಡ, ಸ್ಕ್ಯಾನೂ ಬೇಡ, ಫೋನ್ ಆಫ್ ಇದ್ದರೂ ಬರುತ್ತದೆ.

ಎರಡನೇ ಸಲ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಒಮ್ಮೆ 9,000 ಹೋದ ಮೇಲೆ ಮತ್ತೆ ಯಾಕೆ ಹಾಕಿದರು?

ಕಡಿತವಾದ ಮೆಸೇಜ್ ನೋಡಿದ ಕೂಡಲೇ ಕಾಕಾ ಗಾಬರಿಯಿಂದ ಕೇಳಿದರು. ಆ "ಸಾಹೇಬ" ಸ್ವಲ್ಪವೂ ತಡವರಿಸಲಿಲ್ಲ. "ನಿಮ್ಮ ಕಡೆ ನೆಟ್ ಸ್ಲೋ ಇದೆ, ಎಂಟ್ರಿ ಉಲ್ಟಾ ಬಿದ್ದಿದೆ. ಈಗ ಇನ್ನೊಂದು ಕೋಡ್ ಕಳಿಸ್ತೀನಿ, ಅದನ್ನ ಮಾಡಿದ್ರೆ ಹೋದದ್ದೂ ಸೇರಿ ಬರುತ್ತೆ" ಅಂದ. ಹಿಂದೆ 5ಕ್ಕೆ 10 ಬಂದಿತ್ತಲ್ಲ. ಅದೇ ಲೆಕ್ಕ ಕಾಕಾ ತಲೆಯಲ್ಲಿ ಓಡಿತು. ಈಗ ಅವರ ಚಿಂತೆ ಟೇಬಲ್ ಮಾರುವುದಲ್ಲ, ಹೋದ 9,000 ತರುವುದು. ಆ ಆತಂಕದಲ್ಲಿ 11 ಗಂಟೆ 27ಕ್ಕೆ ಇನ್ನೊಂದು 9,000 ಹೋಯಿತು.

ಇದು ಕಾಕಾ ಒಬ್ಬರ ಕಥೆಯಲ್ಲ. 2021ರ ಫೆಬ್ರುವರಿಯಲ್ಲಿ ಆಗಿನ ದೆಹಲಿ ಮುಖ್ಯಮಂತ್ರಿಯ ಮಗಳು ಹಳೆ ಸೋಫಾ ಮಾರಲು ಹೋದಾಗ ಆದದ್ದೂ ಹೀಗೇ. ಮೊದಲು ಖಾತೆ ಪರೀಕ್ಷಿಸುವ ನೆಪದಲ್ಲಿ ಚಿಕ್ಕ ಮೊತ್ತ ಬಂತು. ಆಮೇಲೆ ಕ್ಯೂಆರ್ ಕೋಡ್ ಬಂತು, 20,000 ಹೋಯಿತು. ತಪ್ಪಾಗಿ ಬೇರೆ ಕೋಡ್ ಕಳಿಸಿದೆ ಅಂತ ಮೋಸಗಾರ ಇನ್ನೊಂದು ಕಳಿಸಿದ, 14,000 ಹೋಯಿತು. ಒಟ್ಟು 34,000. ಆ ಪ್ರಕರಣದಲ್ಲಿ ದೆಹಲಿ ಪೊಲೀಸರು ಕೆಲವೇ ದಿನಗಳಲ್ಲಿ ಮೂವರನ್ನು ಬಂಧಿಸಿದರು. ಮೊದಲ ಕಡಿತ, ತಕ್ಷಣ ಒಂದು ಸಮಾಧಾನ, ಎರಡನೇ ಕಡಿತ: ಈ ಗುಂಪುಗಳ ಕ್ರಮವೇ ಇದು. ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶ ಸೇರುವ ಮೇವಾತ್ ಭಾಗದಲ್ಲಿ ಇದು ಕಸುಬೇ ಆಗಿಬಿಟ್ಟಿದೆ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ನೂಹ್ ಜಿಲ್ಲೆಯ ಹಳ್ಳಿಗಳ ಮೇಲೆ ಸಾವಿರಾರು ಪೊಲೀಸರು ಒಂದೇ ರಾತ್ರಿ ದಾಳಿ ಮಾಡಬೇಕಾಯಿತು. ಎದುರಿಗಿದ್ದವರಿಗೆ ಇದು ದಿನನಿತ್ಯದ ಕೆಲಸ, ಕಾಕಾಗೆ ಮೊದಲ ಸಲ. ಅದನ್ನು ಮರೆತು ಅವರನ್ನು ದಡ್ಡರು ಅನ್ನುವುದು ಅನ್ಯಾಯ.

ಮೂರನೇ ಕೋಡ್ 18,000ದ್ದು. ಅದನ್ನು ತಡೆದವರು ಕಾಕಿ.

ಕಾಕಿ ಮನೆಯಲ್ಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ದೀಪಾವಳಿ ಮುಂದೆ ಆರ್ಡರ್ ಜಾಸ್ತಿ. ಗಿರಾಕಿಯೊಬ್ಬರಿಗೆ ಫೋನ್ ಮಾಡಬೇಕಿತ್ತು, ತಮ್ಮ ಫೋನ್ ಕೇಳಲು ಹೊರಗೆ ಬಂದರು. ಕಾಕಾ ಪಿನ್ ಹಾಕುವ ಪುಟದಲ್ಲಿದ್ದರು.

"ಏನ್ ಮಾಡಾಕತ್ತೀರಿ?"

"ಸುಮ್ನಿರು, ರೊಕ್ಕ ಬರೂದೈತಿ."

"ಬರೂ ರೊಕ್ಕಕ್ಕ ಪಿನ್ ಯಾಕ್ರಿ? ನಾ ದಿನಾ ರೊಕ್ಕ ತೊಗೋತೀನಿ, ಒಂದ್ ಸಲನೂ ಪಿನ್ ಹಾಕಿಲ್ಲ."

ಕಾಕಿ ಓದಿದ್ದು ಏಳನೇ ಇಯತ್ತೆ. ಆದರೆ ಚಟ್ನಿ ಡಬ್ಬಿಗಳ ಪಕ್ಕ ಗೋಡೆಗೆ ಅವರದೇ ಕ್ಯೂಆರ್ ಅಂಟಿಸಿದೆ. ದುಡ್ಡು ಬರುವುದು ಹೇಗೆ ಅನ್ನುವುದು ಅವರ ಕೈಗೆ ರೂಢಿಯಾದ ವಿಷಯ. ಕಾಕಾ ಆ್ಯಪ್ ಬಳಸುತ್ತಿದ್ದದ್ದು ಬರೀ ಕೊಡಲು: ಕರೆಂಟ್ ಬಿಲ್, ಔಷಧ, ಹಾಲು. ತಗೊಂಡ ಅನುಭವವೇ ಅವರಿಗಿರಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಏನಾದರೂ ಕಲಿಸುವುದಿದ್ದರೆ ಇದನ್ನು ಮೊದಲು ಕಲಿಸಿ. ನೀವು ಅವರಿಗೆ 10 ರೂಪಾಯಿ ಕಳಿಸಿ. ಅವರು ಏನೂ ಒತ್ತದೆ, ಸುಮ್ನೆ ಕೂತಿದ್ದಾಗಲೇ ಅದು ಬರುವುದನ್ನು ನೋಡಲಿ. ನೂರು ಎಚ್ಚರಿಕೆ ಮೆಸೇಜ್ ಫಾರ್ವರ್ಡ್ ಮಾಡುವುದಕ್ಕಿಂತ ಇದು ಮೇಲು.

ಕಾಕಿ ಬಂದದ್ದು ಗೊತ್ತಾಗುತ್ತಿದ್ದಂತೆ ಆ ಕಡೆಯವನ ದನಿ ಬದಲಾಯಿತು. ಮೊದಲು ಸಮಾಧಾನ. ಆಮೇಲೆ, ವಾಟ್ಸ್‌ಆ್ಯಪ್ ವಿಡಿಯೋ ಕರೆ ಮಾಡಿ ಸ್ಕ್ರೀನ್ ಶೇರ್ ಮಾಡಿ, ನಾನೇ ಸರಿ ಮಾಡ್ತೀನಿ ಅಂದ. ಅದಕ್ಕೆ ಒಪ್ಪಿದ್ದರೆ ಖಾತೆಯೇ ಖಾಲಿಯಾಗಬಹುದಿತ್ತು. ಪರದೆ ತೋರಿಸಿದರೆ ಬರುವ ಓಟಿಪಿಯೂ ಅವನಿಗೆ ಕಾಣುತ್ತದೆ. ಕಡೆಗೆ ಪೊಲೀಸ್ ಕೇಸ್ ಹಾಕ್ತೀನಿ ಅಂತ ಬೆದರಿಸಿದ. ಅಷ್ಟರಲ್ಲಿ ಕಾಕಿ ನನಗೆ ಫೋನ್ ಮಾಡಿದ್ದರು.

"ಕಾಕಾ, ನೀವು ಮೊದಲು ಆ ಫೋನ್ ಇಡ್ರಿ. ಅವಂಗ ಉತ್ತರಾ ಕೊಡಬ್ಯಾಡ್ರಿ. ಚಾಟ್ ಮಾತ್ರ ಅಳಿಸಬ್ಯಾಡ್ರಿ, ಎಲ್ಲಾ ಹಂಗ ಇರ್ಲಿ."

1930

ಕಾಕಾಗೆ ಯಾರಿಗೂ ಹೇಳುವ ಮನಸ್ಸಿರಲಿಲ್ಲ. "ಹೋಗ್ಲಿ ಬಿಡು, ಮಂದಿ ನಗ್ತಾರ" ಅಂದರು. ಮಗಳಿಗೂ ಹೇಳಬೇಡ ಅಂದರು. ಇಂಥ ಪ್ರಕರಣಗಳಲ್ಲಿ ದುಡ್ಡು ಕೈತಪ್ಪಿ ಹೋಗುವುದು ಈ ನಾಚಿಕೆಯಲ್ಲೇ. ಮೋಸದ ದುಡ್ಡು ಮೊದಲು ಹೋಗುವುದು ಯಾರದೋ ಹೆಸರಿನಲ್ಲಿ ತೆರೆಸಿದ, ಕಮಿಷನ್‌ಗೆ ಪಡೆದ ಖಾತೆಗೆ. ಅಲ್ಲಿಂದ ನಿಮಿಷಗಳಲ್ಲಿ ಎರಡನೇ, ಮೂರನೇ ಖಾತೆಗೆ ಹಂಚಿ, ಎಟಿಎಂನಿಂದ ತೆಗೆದುಬಿಡುತ್ತಾರೆ. ಖಾತೆಯಲ್ಲಿ ಇರುವಷ್ಟು ಹೊತ್ತು ಮಾತ್ರ ಅದನ್ನು ತಡೆಯಬಹುದು.

ಅದಕ್ಕಾಗಿಯೇ 1930 ಇರುವುದು. ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ ಅದು. ಭಾನುವಾರವೂ ನಡೆಯುತ್ತದೆ. ಇಲ್ಲಿ ಕೊಟ್ಟ ಮಾಹಿತಿ ಬ್ಯಾಂಕುಗಳಿಗೆ ನೇರ ಹೋಗುತ್ತದೆ, ದುಡ್ಡು ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲಿ ತಡೆಹಿಡಿಯುತ್ತಾರೆ. ಮೊದಲ ಸಲ ಲೈನ್ ಸಿಗಲಿಲ್ಲ, ಮತ್ತೆ ಮಾಡಿದಾಗ ಸಿಕ್ಕಿತು. ಕನ್ನಡದಲ್ಲೇ ಮಾತಾಡಿದರು. ಅವರು ಕೇಳಿದ್ದು: ಹೆಸರು, ಜಿಲ್ಲೆ, ಬ್ಯಾಂಕ್, ಖಾತೆ ನಂಬರ್, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಮೋಸಗಾರನ ನಂಬರ್, ಮತ್ತು ಪ್ರತಿ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್. ಈ ಕೊನೆಯದೇ ಮುಖ್ಯ. ಆ್ಯಪ್‌ನಲ್ಲಿ ಆ ವ್ಯವಹಾರವನ್ನು ತೆರೆದರೆ ವಿವರದ ಕೆಳಗೆ ಇರುತ್ತದೆ. ಕರೆ ಮಾಡುವ ಮುಂಚೆಯೇ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ. ಕಾಕಿ ಬರೆದದ್ದು ಆರ್ಡರ್ ಪುಸ್ತಕದ ಹಿಂದಿನ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ.

ಮಧ್ಯಾಹ್ನ 12ರೊಳಗೆ ದೂರು ದಾಖಲಾಗಿ, ಸ್ವೀಕೃತಿ ಸಂಖ್ಯೆ ಮೆಸೇಜ್ ಬಂತು. ಅದೇ ಸಂಖ್ಯೆ ಇಟ್ಟುಕೊಂಡು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಚಾಟ್, ಐಡಿ ಫೋಟೋ, ಕ್ಯೂಆರ್‌ನ ಚಿತ್ರ ಎಲ್ಲ ಸೇರಿಸಿ ಪೂರ್ತಿ ದೂರು ಹಾಕಿದೆವು. ಬ್ಯಾಂಕಿನ ಸಹಾಯವಾಣಿಗೂ ಹೇಳಿದೆವು.

ಬ್ಯಾಂಕು, ಪೊಲೀಸ್ ಠಾಣೆ

ಮರುದಿನ ಶಾಖೆಯಲ್ಲಿ ಸಿಕ್ಕ ಉತ್ತರ: "ಪಿನ್ ಹಾಕಿದ್ದು ನೀವೇ ಅಲ್ವಾ?" ಕಾಕಾ ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ಲ ಅಂದರು. ನಿಯಮ ಇರುವುದು ನಿಜ. ಆಗ ಜಾರಿಯಲ್ಲಿದ್ದ 2017ರ ಜುಲೈನ ಸುತ್ತೋಲೆ ಪ್ರಕಾರ, ನಮ್ಮ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ, ಬೇರೆ ಎಲ್ಲೋ ಆದ ಲೋಪದಿಂದ ದುಡ್ಡು ಹೋದರೆ, 3 ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟ ಸ್ವಲ್ಪವೂ ನಮ್ಮ ಮೇಲೆ ಬೀಳುವುದಿಲ್ಲ. ಆದರೆ ಅದು ನಾವು ಒಪ್ಪಿಗೆ ಕೊಡದ ವ್ಯವಹಾರಕ್ಕೆ. ಮೋಸ ಹೋಗಿ ನಾವೇ ಪಿನ್ ಹಾಕಿದ್ದನ್ನು ಬ್ಯಾಂಕುಗಳು ಆ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇದು ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ಒಬ್ಬ ಪಿಂಚಣಿದಾರ ಹತ್ತು ನಿಮಿಷದೊಳಗೆ ಒಂದೇ ಅಪರಿಚಿತ ಖಾತೆಗೆ ಎರಡು ಸಲ 9,000 ಕಳಿಸಿದರೆ, ಯಾವ ಯಂತ್ರವೂ ಒಂದು ಪ್ರಶ್ನೆ ಕೇಳದೆ ಬಿಟ್ಟದ್ದು ಸರಿಯಲ್ಲ.

ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ನಗರದ ಸಿಇಎನ್ ಠಾಣೆಯಲ್ಲಿ ದೂರು ತಗೊಂಡರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, ಭಾರತೀಯ ನ್ಯಾಯ ಸಂಹಿತೆಯ 318(4) ಕಲಂ, ಎರಡೂ ವಂಚನೆಯವು. ಅಲ್ಲಿದ್ದ ಸಿಬ್ಬಂದಿ ಒಂದು ಎಚ್ಚರಿಕೆ ಕೊಟ್ಟು ಕಳಿಸಿದರು: ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀ ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಅದೂ ಮೋಸವೇ. ಮುಂದಿನ ವಾರ ಅಂಥ ಕರೆ ಬಂದೇ ಬಂತು. ಕಾಕಾ ಮಾತಾಡದೆ ಇಟ್ಟರು.

ನಡುವೆ ನಿಯಮಗಳೂ ಸ್ವಲ್ಪ ಬಿಗಿಯಾಗಿವೆ. ಯಾರಾದರೂ ನಮಗೆ "ದುಡ್ಡು ಕೊಡಿ" ಅಂತ ಯುಪಿಐ ಕೋರಿಕೆ ಕಳಿಸಿ, ನಾವು ಪಿನ್ ಹಾಕಿದರೆ ದುಡ್ಡು ಹೋಗುವ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯ ಇತ್ತಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಅಂಥ ಕೋರಿಕೆಯನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಳ್ಳೆಯ ಕೆಲಸ. ಆದರೆ ಕಾಕಾ ಕಳೆದುಕೊಂಡದ್ದು ಆ ದಾರಿಯಲ್ಲಿ ಅಲ್ಲ. ಅವರು ಕ್ಯೂಆರ್ ಸ್ಕ್ಯಾನ್ ಮಾಡಿ ಕಳಿಸಿದರು. ಆ ಬಾಗಿಲು ತೆರೆದೇ ಇದೆ, ಅದನ್ನು ಮುಚ್ಚಲು ಬರುವುದೂ ಇಲ್ಲ.

ಟೇಬಲ್ ಮಾರಾಟವಾದದ್ದು

ಎರಡನೇ ಜಾಹೀರಾತು ಬರೆಸಿದ್ದು ಕಾಕಿ. ಫೋನ್ ನಂಬರ್ ಮುಚ್ಚಿದರು, ಮಾತೆಲ್ಲ ಆ್ಯಪ್‌ನ ಚಾಟ್‌ನಲ್ಲೇ. "ಮನೆಗೆ ಬಂದು ನೋಡಿ ತಗೊಳ್ಳಬೇಕು. ಮುಂಗಡ ಬೇಡ. ಸಾಮಾನು ಒಯ್ಯುವಾಗ ನಗದು ಇಲ್ಲವೇ ನಮ್ಮ ಕ್ಯೂಆರ್‌ಗೆ" ಅಂತ ಮೇಲೇ ಬರೆಸಿದರು. ಈ ಸಲವೂ ಒಬ್ಬ "ಸೈನಿಕ" ಬಂದ. ಬಂದು ನೋಡ್ರಿ ಅಂತ ಉತ್ತರ ಹೋದ ಮೇಲೆ ಮತ್ತೆ ಮೆಸೇಜ್ ಇಲ್ಲ. ಮುಂಗಡ ಬೇಡ ಅನ್ನುವುದು ಬಹಳ ಜಾಣತನ. ದೂರದಲ್ಲಿದ್ದವನು ನಮ್ಮ ಜೊತೆ ದುಡ್ಡಿನ ಮಾತು ಶುರು ಮಾಡುವ ನೆಪವೇ ಅಲ್ಲಿಗೆ ಮುಗಿಯಿತು.

ಕೊಂಡವರು ಖಾನಾಪುರದ ಕಡೆಯ ಒಬ್ಬ ಶಿಕ್ಷಕರು. ಹೆಂಡತಿ, ತಮ್ಮನ ಜೊತೆ ಬಂದರು. ಟೇಬಲ್ ಕೆಳಗೆ ಬಗ್ಗಿ ಗೆದ್ದಲು ಇದೆಯಾ ನೋಡಿದರು, ಒಂದೊಂದು ಕುರ್ಚಿಯಲ್ಲೂ ಕೂತರು, 15,000ಕ್ಕೆ ಕೇಳಿದರು. 16,500ಕ್ಕೆ ಕುದುರಿತು. ಗೋಡೆಗಿದ್ದ ಕ್ಯೂಆರ್‌ಗೆ ಅವರೇ ಸ್ಕ್ಯಾನ್ ಮಾಡಿ, ಹಸಿರು ಟಿಕ್ ಬಂದ ಪರದೆ ತೋರಿಸಿದರು. ಕಾಕಿ ನಕ್ಕು, "ಒಂದ್ ನಿಮಿಷ ಕುಂದರ್ರಿ ಸರ, ಬ್ಯಾಂಕಿನಾಗ ಬಂದದ್ದು ನೋಡ್ತೀನಿ" ಅಂದರು. ಹಾಗೆ ನೋಡಲೇಬೇಕು. ದುಡ್ಡು ಹೋಗದಿದ್ದರೂ ಹೋದಂತೆ ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. "ನಿಮ್ಮ ಖಾತೆಗೆ ಜಮೆ" ಅನ್ನುವ ಸುಳ್ಳು ಎಸ್‌ಎಂಎಸ್ ಕೂಡ ಬರುತ್ತವೆ. ಬ್ಯಾಂಕಿನ ಮೆಸೇಜ್ ಅಕ್ಷರಗಳ ಹೆಸರಿನಿಂದ ಬರುತ್ತದೆ, ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಅಲ್ಲ. ಮೆಸೇಜ್ ಏನೇ ಹೇಳಲಿ, ನಮ್ಮ ಬ್ಯಾಂಕ್ ಖಾತೆಯಲ್ಲಿ ಮೊತ್ತ ಕಾಣಬೇಕು. ಶಿಕ್ಷಕರು ಬೇಜಾರು ಮಾಡಿಕೊಳ್ಳಲಿಲ್ಲ. "ನೋಡ್ರಿ ನೋಡ್ರಿ, ಅದ ಸರಿ" ಅಂದರು. 16,500 ಕಂಡ ಮೇಲೆ ಟೇಬಲ್ ಟಾಟಾ ಏಸ್ ಹತ್ತಿತು.

ಹೋದ ದುಡ್ಡಿನ ಲೆಕ್ಕ ಹೀಗಿದೆ. ಮೊದಲ 9,000 ಎರಡು ಖಾತೆ ದಾಟಿ, ನಾವು 1930ಕ್ಕೆ ಫೋನ್ ಮಾಡುವ ಹೊತ್ತಿಗೆ ಎಟಿಎಂನಿಂದ ಹೊರಗೆ ಬಂದಾಗಿತ್ತು. ಎರಡನೆಯದರಲ್ಲಿ 6,400 ಇನ್ನೊಂದು ಖಾತೆಯಲ್ಲೇ ಇತ್ತು, ಅದನ್ನು ತಡೆಹಿಡಿದರು. ತಡೆಹಿಡಿದ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ, ಬಿಡುಗಡೆಗೆ ನ್ಯಾಯಾಲಯದ ಆದೇಶ ಬೇಕಾಯಿತು. ಠಾಣೆಯವರೇ ಅರ್ಜಿಯ ನಮೂನೆ ಹೇಳಿಕೊಟ್ಟರು. ಪಾಸ್‌ಬುಕ್ ಪ್ರತಿ, ಆಧಾರ್, 1930ರ ಸ್ವೀಕೃತಿ ಸಂಖ್ಯೆ, ಎಫ್‌ಐಆರ್ ಪ್ರತಿ ಲಗತ್ತಿಸಿ ಕೊಟ್ಟೆವು. ಕೆಲವು ತಿಂಗಳ ನಂತರ 6,400 ಕಾಕಾ ಖಾತೆಗೆ ಬಂತು. ಉಳಿದ 11,600ರ ತನಿಖೆ ಇನ್ನೂ ನಡೆಯುತ್ತಿದೆ.